ವಿಮಾನ ಇಳಿಸುವಾಗ ವೇಗ ಬೀಳೋದು ಹೋಲ್ಡ್ ಮೋಡ್‌ನಿಂದ ಇರಬೇಕು

ಬಹುಶಃ ಆಟೋಥ್ರಾಟಲ್ (ಎಂಜಿನ್ ಶಕ್ತಿಯನ್ನು ತಾನೇ ಹೊಂದಿಸುವ ವ್ಯವಸ್ಥೆ) ಹೋಲ್ಡ್ ಮೋಡ್‌ಗೆ ಹೋಗಿದೆ, ನಿಮ್ಮ ಪರದೆ ನೋಡದೆ ಪೂರ್ತಿ ಖಚಿತ ಹೇಳಲಾರೆ. ಸಿಮ್ಯುಲೇಟರಿನಲ್ಲಿ ಕಾರವಾರದ ಕಡಲ ಮೇಲಿಂದ ಗೋವಾದ ದಾಬೋಲಿಮ್ ವಿಮಾನ ನಿಲ್ದಾಣಕ್ಕೆ ಬೋಯಿಂಗ್ 777 ಇಳಿಸುವಾಗ ಎತ್ತರ ಜಾಸ್ತಿ ಇತ್ತು, ಎಫ್‌ಎಲ್‌ಸಿಎಚ್ (ಹೊಂದಿಸಿಟ್ಟ ಎತ್ತರಕ್ಕೆ ಒಯ್ಯುವ ಬಟನ್) ಒತ್ತಿದೆ, ವಿಮಾನ ಏರತೊಡಗಿತು, ಆಟೋಪೈಲಟ್ ತೆಗೆದು ಥ್ರಾಟಲ್ ಹಿಂದಕ್ಕೆಳೆದೆ, ಆಮೇಲೆ ವೇಗ ಬೀಳ್ತಾನೇ ಹೋಯಿತು ಅಂದಿದ್ದೀರಿ ಅಲ್ವಾ? ಹೋಲ್ಡ್‌ನಲ್ಲಿ ಆಟೋಥ್ರಾಟಲ್ ಆನ್ ಇದ್ದರೂ ವೇಗ ಕಾಯುವುದಿಲ್ಲ. 2013ರ ಜುಲೈನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಏಷಿಯಾನಾ 214 ವಿಮಾನ ಬಿದ್ದದ್ದೂ ಇದೇ ಬಲೆಗೆ: 137 ನಾಟ್ ಇರಬೇಕಾದಲ್ಲಿ ಸುಮಾರು 103ಕ್ಕೆ ಇಳಿದಿತ್ತು, ಬಾಲ ಕಡಲಗೋಡೆಗೆ ಬಡಿಯಿತು.

ಮೊದಲು ಕಾಕ್‌ಪಿಟ್‌ನ ಮುಖ್ಯ ಪರದೆಯ ಮೇಲ್ತುದಿಯ ಮೋಡ್ ಓದಿ, ಕಾರವಾರದ ಸದಾಶಿವಗಡ ಕೋಟೆ ನೋಡೋದು ಆಮೇಲೆ ಇರಲಿ. ಹೋಲ್ಡ್ ಅಂತಿದ್ದರೆ ಕೂಡಲೇ ಕೈಯಿಂದ ಥ್ರಾಟಲ್ ಮುಂದೆ ತಳ್ಳಿ. ನಂತರ ವಿಎಸ್ (ಏರಿಳಿಯುವ ವೇಗ ಹಿಡಿಯುವ ಬಟನ್) ಒತ್ತಿ, ಆಗ ಆಟೋಥ್ರಾಟಲ್ ಎಸ್‌ಪಿಡಿಗೆ, ಅಂದರೆ ವೇಗ ಕಾಯುವ ಮೋಡ್‌ಗೆ, ಬರಬೇಕು. ರನ್‌ವೇ ಹತ್ತಿರ ಬಂದಮೇಲೆ ಎಫ್‌ಎಲ್‌ಸಿಎಚ್ ಮುಟ್ಟಲೇಬೇಡಿ. ಗೋ-ಅರೌಂಡ್ (ಇಳಿಯದೆ ಮತ್ತೆ ಮೇಲೇರುವ) ಎತ್ತರ ಮೊದಲೇ ಇಟ್ಟಿದ್ದರೆ ವಿಮಾನ ಅಲ್ಲಿಗೇ ಏರಲು ಹೊರಡುತ್ತದೆ, ನಿಮಗೆ ಆದದ್ದು ಅದೇ. 500 ಅಡಿಯಲ್ಲೂ ವೇಗ ಸರಿಯಿಲ್ಲದಿದ್ದರೆ ಸುಮ್ನೆ ಎಳೆದಾಡಬೇಡಿ, ಟೋಗಾ (ಗೋ-ಅರೌಂಡ್ ಬಟನ್) ಒತ್ತಿ ಮತ್ತೊಂದು ಸುತ್ತು ಬನ್ನಿ.

ಇಷ್ಟಾದರೂ ಎಸ್‌ಪಿಡಿ ನಿಲ್ಲದಿದ್ದರೆ ಜಾಯ್‌ಸ್ಟಿಕ್ ಥ್ರಾಟಲ್ ಅಲುಗಾಡಿ ತೊಂದರೆ ಕೊಡುತ್ತಿರಬಹುದು, ಡೆಡ್‌ಝೋನ್ (ಸಣ್ಣ ಅಲುಗಾಟವನ್ನು ಲೆಕ್ಕಿಸದ ಅಂತರ) ಸ್ವಲ್ಪ ಹೆಚ್ಚಿಸಿ ನೋಡಿ.