ಯಾವ ಸರ್ಕ್ಯೂಟ್ ಅಂತ ಕೇಳುವ ಮೊದಲು, ಇಲಿ ಏನು ಮಾಡುತ್ತಿದೆ ಅಂತ ನೋಡಿ

ವಿರಾಜಪೇಟೆಯಲ್ಲಿ ಬಿಎಸ್ಸಿ ಮುಗಿಸುತ್ತಿದ್ದೀರಿ, ಇಲಿಯ ಮೆದುಳಿನ ಮೇಲೆ ಪಿಎಚ್‌ಡಿ ಮಾಡುವ ಆಸೆ. ಭಯ, ಹಸಿವು, ನೆನಪು, ಇವುಗಳಲ್ಲಿ ಯಾವುದರ ಸರ್ಕ್ಯೂಟ್ (ಅದನ್ನು ನಡೆಸುವ ನರಕೋಶಗಳ ಜಾಲ) ಹಿಡಿಯಲಿ, ಮೊದಲು ಆಪ್ಟೊಜೆನೆಟಿಕ್ಸ್ (ಬೆಳಕಿನಿಂದ ನರಕೋಶಗಳನ್ನು ಕೆಣಕುವ, ಸುಮ್ಮನಾಗಿಸುವ ವಿಧಾನ) ಕಲಿಯಲೋ ಪ್ರೋಗ್ರಾಮಿಂಗ್ ಕಲಿಯಲೋ ಅಂತ ಕೇಳಿದ್ದೀರಿ. ನಾನೂ ಕೊಡಗಿನವಳೇ, ಮೂರ್ನಾಡಿನ ಕಡೆಯವಳು. ಇದೇ ಪ್ರಶ್ನೆ ತಲೆಯಲ್ಲಿ ತುಂಬಿಕೊಂಡು ಬೆಂಗಳೂರಿಗೆ ಬಸ್ ಹತ್ತಿದವಳು. ಭಯವನ್ನೇ ಆರಿಸಿಕೊಂಡೆ, ಒಂದು ಲ್ಯಾಬಿನಲ್ಲಿ ಜೂನಿಯರ್ ರಿಸರ್ಚ್ ಫೆಲೋ (ಜೆಆರ್‌ಎಫ್) ಆಗಿ ಸೇರಿದೆ.

ಕೆಲಸ ಹೀಗಿತ್ತು. ಪೆಟ್ಟಿಗೆಯ ನೆಲಕ್ಕೆ ಉಕ್ಕಿನ ಸರಳುಗಳು. ಇಲಿಗೆ ಒಂದು ಸದ್ದು ಕೇಳಿಸಿ, ಅದು ಮುಗಿಯುವ ಹೊತ್ತಿಗೆ ಪಾದಕ್ಕೆ ಸಣ್ಣದೊಂದು ಶಾಕ್. ಮರುದಿನ ಸದ್ದು ಮಾತ್ರ. ಪಾಠ ಕಲಿತ ಇಲಿ ಇದ್ದಲ್ಲೇ ಸ್ತಬ್ಧವಾಗುತ್ತದೆ, ಉಸಿರಾಟವೊಂದನ್ನು ಬಿಟ್ಟು ಮೈಯಲ್ಲಿ ಏನೂ ಅಲುಗುವುದಿಲ್ಲ. ಮೇಲೆ ಕಟ್ಟಿದ ಕ್ಯಾಮೆರಾದಿಂದ ಸಾಫ್ಟ್‌ವೇರ್ ಅದನ್ನು ಅಳೆದು, ಶೇಕಡಾ ಇಷ್ಟು ಹೊತ್ತು ಅಲುಗಲಿಲ್ಲ ಅಂತ ಒಂದು ಅಂಕಿ ಕೊಡುತ್ತದೆ. ಅಂಕಿ ಜಾಸ್ತಿ ಅಂದರೆ ಭಯ ಜಾಸ್ತಿ.

ನನ್ನ ಪಾಲಿಗೆ ಬಂದದ್ದು ಅಮಿಗ್ಡಲಾದ, ಅಂದರೆ ಭಯದಲ್ಲಿ ಪಾತ್ರವಿರುವ ಮೆದುಳಿನ ಒಂದು ಭಾಗದ, ಕೇಂದ್ರಭಾಗ. ಅಲ್ಲಿ ಸೊಮ್ಯಾಟೋಸ್ಟಾಟಿನ್ ಎಂಬ ರಾಸಾಯನಿಕ ತಯಾರಿಸುವ ಒಂದು ಜಾತಿಯ ನರಕೋಶಗಳಿವೆ. ಬೆಳಕು ಬಿದ್ದಾಗ ಕೋಶವನ್ನು ಸುಮ್ಮನಾಗಿಸುವ ಪ್ರೋಟೀನನ್ನು ವೈರಸ್ ಮೂಲಕ ಆ ಕೋಶಗಳಿಗೆ ಸೇರಿಸಿ, ಬೆಳಕು ಒಯ್ಯುವ ಕೂದಲೆಳೆಯಷ್ಟು ಸಣ್ಣ ಫೈಬರನ್ನು ಮೆದುಳಿಗೆ ಇಳಿಸಿ, ಸದ್ದು ಕೇಳಿಸುವಾಗ ಲೇಸರ್ ಹಾಕುತ್ತಿದ್ದೆವು. ಲೇಸರ್ ಹಾಕಿದ ತಕ್ಷಣ ಅಂಕಿ ಇಳಿಯಿತು. ಭಯ ಕಡಿಮೆಯಾಯಿತು ಅಂತ ಬರೆದೆ. ಮನೆಗೆ ಫೋನ್ ಮಾಡಿ ಹೇಳಿಕೊಂಡೆ ಕೂಡ.

ಇಲ್ಲಿ ನಾನು ಮಾಡಿದ ತಪ್ಪನ್ನು ಬಿಡಿಸಿ ಹೇಳುತ್ತೇನೆ. ಬೇಸರವಾದರೂ ಓದಿ, ಯಾಕೆಂದರೆ ಇದನ್ನು ಯಾವ ಪ್ರೋಟೋಕಾಲಿನಲ್ಲೂ ಬರೆದಿರುವುದಿಲ್ಲ.

ಸದ್ದು ಕೇಳಿದಾಗ ಕೆಲವು ಇಲಿಗಳು ಸ್ತಬ್ಧವಾಗುತ್ತಿರಲಿಲ್ಲ. ಪೆಟ್ಟಿಗೆಯ ಒಂದು ಮೂಲೆಯಿಂದ ಇನ್ನೊಂದಕ್ಕೆ ಓಡುತ್ತಿದ್ದವು, ಗೋಡೆಗೆ ನೆಗೆಯುತ್ತಿದ್ದವು. ನಾನು ಅದನ್ನು ಕಣ್ಣಾರೆ ನೋಡಿದ್ದೇನೆ. ಆದರೆ ಸಾಫ್ಟ್‌ವೇರಿಗೆ ಅಲುಗಾಟವೆಲ್ಲ ಒಂದೇ: ಮೂಗು ಆಡಿಸುತ್ತಾ ಆರಾಮಾಗಿ ಅಡ್ಡಾಡುವ ಇಲಿಗೂ, ಜೀವ ಉಳಿಸಿಕೊಳ್ಳಲು ನೆಗೆಯುವ ಇಲಿಗೂ ಅದು ಕೊಡುವುದು ಅದೇ ಕಡಿಮೆ ಅಂಕಿ. ಲೇಸರ್ ಇಲ್ಲದ ಗುಂಪಿನಲ್ಲಿ ಹಾಗೆ ಓಡಿದವುಗಳ ಮುಂದೆ ‘ಕಲಿತಿಲ್ಲ’ ಅಂತ ಬರೆದು ಲೆಕ್ಕದಿಂದ ತೆಗೆದೆ. ಲೇಸರ್ ಇದ್ದ ಗುಂಪಿನಲ್ಲಿ ಓಡಿದವುಗಳನ್ನು ‘ಭಯ ಕಡಿಮೆಯಾಗಿದೆ’ ಅಂತ ಲೆಕ್ಕಕ್ಕೆ ಸೇರಿಸಿದೆ. ಒಂದೇ ನಡವಳಿಕೆಗೆ ಎರಡು ಹೆಸರು, ಎರಡೂ ನನ್ನ ಊಹೆಗೆ ಅನುಕೂಲವಾಗುವಂಥವು. ಮೋಸ ಮಾಡುವ ಉದ್ದೇಶ ನನಗಿರಲಿಲ್ಲ. ಇಷ್ಟು ಶೇಕಡಾಗಿಂತ ಕಡಿಮೆ ಬಂದರೆ ಕಲಿತಿಲ್ಲ ಅಂತ ಮೊದಲೇ ನಿಯಮ ಮಾಡಿಕೊಂಡಿದ್ದೆ, ಅದನ್ನು ಪಾಲಿಸಿದೆ, ಅಷ್ಟೇ. ಆ ನಿಯಮವೇ ತಪ್ಪಾಗಿರಬಹುದು ಅಂತ ಹೊಳೆಯಲಿಲ್ಲ.

ಇದರ ಮೇಲೆ ಇನ್ನೊಂದು. ಡಿಸ್ಕ್ ತುಂಬಿತು ಅಂತ ಮೂಲ ವಿಡಿಯೊಗಳನ್ನೆಲ್ಲ ಅಳಿಸಿದೆ. ಅಂಕಿಗಳು ಎಕ್ಸೆಲ್‌ನಲ್ಲಿವೆಯಲ್ಲ, ವಿಡಿಯೊ ಯಾಕೆ ಅಂದುಕೊಂಡೆ.

ಆಮೇಲೆ ಲ್ಯಾಬಿನ ಸಭೆಯಲ್ಲಿ ನನ್ನ ಫಲಿತಾಂಶ ತೋರಿಸಿದಾಗ ಹಿರಿಯರೊಬ್ಬರು ಒಂದೇ ಮಾತು ಕೇಳಿದರು: “ಸ್ತಬ್ಧವಾಗದಿದ್ದಾಗ ಅವು ಏನು ಮಾಡ್ತಿದ್ದವಮ್ಮ?” ಕೆಲವು ಓಡಿದ್ದನ್ನು ಕಂಡಿದ್ದೆ, ಆದರೆ ಯಾವ ಇಲಿ ಏನು ಮಾಡಿತು ಎಂಬುದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಉತ್ತರ ಹುಡುಕಲು ವಿಡಿಯೊವೂ ಇರಲಿಲ್ಲ. ಪ್ರಯೋಗ ಮತ್ತೆ ಮಾಡಬೇಕೆಂದರೆ ಅಷ್ಟೇ ಇಲಿಗಳಿಗೆ ನೈತಿಕ ಸಮಿತಿಯ ಒಪ್ಪಿಗೆ ಹೊಸದಾಗಿ ಪಡೆಯಬೇಕು, ಅಷ್ಟರಲ್ಲಿ ಫೆಲೋಶಿಪ್ಪಿನ ಅವಧಿ ಮುಗಿಯುತ್ತಿತ್ತು. ಕೆಲಸ ಅಲ್ಲಿಗೇ ನಿಂತಿತು. ಪೇಪರ್ ಹೋಯಿತೆಂಬ ಬೇಸರ ಕಾಲಕ್ರಮದಲ್ಲಿ ಮಾಸಿತು. ಆ ಇಲಿಗಳಿಗೆ ಶಾಕ್ ಕೊಟ್ಟು, ತಲೆಬುರುಡೆ ಕೊರೆದು, ಕೊನೆಗೆ ಕೊಂದು ನಾವು ಏನನ್ನೂ ಕಲಿಯಲಿಲ್ಲ ಎಂಬುದು ಮಾಸಿಲ್ಲ.

2017ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿರುವ ಆಂಡ್ರಿಯಾಸ್ ಲೂಥಿ ಅವರ ಗುಂಪಿನ ಪೇಪರ್ ನೇಚರ್ ಪತ್ರಿಕೆಯಲ್ಲಿ ಬಂತು. ಅಮಿಗ್ಡಲಾದ ಅದೇ ಕೇಂದ್ರಭಾಗದಲ್ಲಿ ಸೊಮ್ಯಾಟೋಸ್ಟಾಟಿನ್ ಕೋಶಗಳು ಇಲಿಯನ್ನು ಸ್ತಬ್ಧಗೊಳಿಸಿದರೆ, ಸಿಆರ್‌ಎಫ್ ಎಂಬ ರಾಸಾಯನಿಕವಿರುವ ಪಕ್ಕದ ಕೋಶಗಳು ಓಡಿಸುತ್ತವೆ. ಎರಡೂ ಒಂದನ್ನೊಂದು ಅದುಮುತ್ತವೆ, ಗೆದ್ದವರ ಕಡೆಗೆ ಮೈ ವಾಲುತ್ತದೆ. ಅಂದರೆ ಓಡುವ ಇಲಿಯೂ ಹೆದರಿದ ಇಲಿಯೇ, ಪಾಠ ಚೆನ್ನಾಗಿ ಕಲಿತ ಇಲಿಯೇ. ನಾನು ‘ಕಲಿತಿಲ್ಲ’ ಅಂತ ತೆಗೆದುಹಾಕಿದ್ದು ಇಂಥವುಗಳನ್ನೇ. ಅದೇ ವರ್ಷ ಲಂಡನ್ನಿನಿಂದ ಬಂದ ಇನ್ನೊಂದು ಕೆಲಸ, ಮೇಲಿಂದ ಅಪಾಯ ಬಂದಾಗ ಅಡಗಲು ಜಾಗವಿದ್ದರೆ ಇಲಿ ಅಲ್ಲಿಗೆ ಓಡುತ್ತದೆ, ಜಾಗವೇ ಇಲ್ಲದಿದ್ದರೆ ಸ್ತಬ್ಧವಾಗುತ್ತದೆ ಅಂತ ತೋರಿಸಿತು. ನಮ್ಮ ಮನೆಯ ಅಟ್ಟದಲ್ಲಿ ಕಾಳುಮೆಣಸಿನ ಚೀಲ ಸರಿಸುವಾಗ ಬಿಲದ ಹತ್ತಿರವಿದ್ದ ಇಲಿ ಓಡುವುದನ್ನೂ, ದೂರವಿದ್ದದ್ದು ಹಾಗೇ ಕೂತುಬಿಡುವುದನ್ನೂ ಚಿಕ್ಕಂದಿನಿಂದ ನೋಡಿದವಳು ನಾನು. ಲ್ಯಾಬಿಗೆ ಹೋದ ಮೇಲೆ ಆ ಕಣ್ಣನ್ನು ಬಳಸಲೇ ಇಲ್ಲ.

ಹಾಗಾಗಿ ‘ಭಯದ ಸರ್ಕ್ಯೂಟೋ ಹಸಿವಿನ ಸರ್ಕ್ಯೂಟೋ’ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಒಂದು ನಡವಳಿಕೆಗೆ ಒಂದು ಸರ್ಕ್ಯೂಟ್ ಅಂತ ಮೆದುಳು ಹಂಚಿಟ್ಟಿಲ್ಲ. ಮೆದುಳಿನ ತಳದಲ್ಲಿರುವ ಹೈಪೊಥಲಾಮಸ್‌ನ ಒಂದು ಪುಟ್ಟ ಭಾಗವನ್ನು ಬೆಳಕಿನಿಂದ ಕೆಣಕಿದರೆ ಗಂಡಿಲಿ ಎದುರಿಗಿರುವ ರಬ್ಬರ್ ಗ್ಲೌಸ್ ಮೇಲೂ ದಾಳಿ ಮಾಡುತ್ತದೆ ಅಂತ 2011ರಲ್ಲಿ ಅಮೆರಿಕದ ಡೇವಿಡ್ ಆಂಡರ್ಸನ್ ಅವರ ಗುಂಪು ತೋರಿಸಿತು. ಎಲ್ಲರೂ ಅದನ್ನು ಸಿಟ್ಟಿನ ಕೇಂದ್ರ ಅಂದರು. 2014ರಲ್ಲಿ ಅದೇ ಗುಂಪು ಅಲ್ಲಿನ ಒಂದು ಜಾತಿಯ ಕೋಶಗಳನ್ನು ಮೆಲ್ಲಗೆ ಕೆಣಕಿದಾಗ ಇಲಿ ಎದುರಿನ ಇಲಿಯ ಮೇಲೇರಿ ಕೂಡಲು ಹೋಯಿತು, ಜೋರಾಗಿ ಕೆಣಕಿದಾಗ ಕಚ್ಚಿತು. ಅಮಿಗ್ಡಲಾದ ಇನ್ನೊಂದು ಭಾಗದ ಕೋಶಗಳನ್ನು ಬುಡದಲ್ಲಿ, ಅಂದರೆ ಕೋಶದ ಒಡಲಲ್ಲೇ, ಕೆಣಕಿದರೆ ಆತಂಕ ಹೆಚ್ಚುತ್ತದೆ, ಅದೇ ಕೋಶಗಳ ತಂತುಗಳು ಕೇಂದ್ರಭಾಗವನ್ನು ಮುಟ್ಟುವ ಜಾಗದಲ್ಲಿ ಮಾತ್ರ ಕೆಣಕಿದರೆ ಕಡಿಮೆಯಾಗುತ್ತದೆ. ಇದು 2011ರಲ್ಲಿ ಅಮೆರಿಕದ ನರವಿಜ್ಞಾನಿ ಕೇ ಟೈ ಮತ್ತು ಸಂಗಡಿಗರು ಕಂಡದ್ದು. ಈಗ ಹೇಳಿ, ಇದನ್ನು ಆತಂಕದ ಸರ್ಕ್ಯೂಟ್ ಅನ್ನುತ್ತೀರೋ ನೆಮ್ಮದಿಯದ್ದು ಅನ್ನುತ್ತೀರೋ?

ಕೋಶ ಸುಮ್ಮನಾಗಿಸಿದಾಗ ನಡವಳಿಕೆ ನಿಂತರೆ ಆ ನಡವಳಿಕೆ ಅಲ್ಲೇ ಇತ್ತು ಅಂತಲೂ ಅಲ್ಲ. 2018ರ ಆಗಸ್ಟಿನಲ್ಲಿ ದಾರಿಯ ನಡುವಿನ ಜೋಡುಪಾಲದ ಹತ್ತಿರ ಗುಡ್ಡ ಕುಸಿದು ಮಡಿಕೇರಿಯಿಂದ ಸುಳ್ಯಕ್ಕೆ ಬಸ್ ನಿಂತಿತ್ತಲ್ಲ. ಸುಳ್ಯ ಜೋಡುಪಾಲದಲ್ಲಿದೆ ಅಂತ ಯಾರೂ ಹೇಳಲಿಲ್ಲ.

ಆಪ್ಟೊಜೆನೆಟಿಕ್ಸಾ, ಪ್ರೋಗ್ರಾಮಿಂಗಾ? ನನ್ನ ಪ್ರಕಾರ ಮೊದಲು ಎರಡೂ ಬೇಡ. ಲೇಸರ್ ಹಿಡಿಯುವುದನ್ನು, ಸರ್ಜರಿಯನ್ನು ಸೇರಿದ ಲ್ಯಾಬಿನವರೇ ಕಲಿಸುತ್ತಾರೆ. ಹೆಸರು ಕೊಡುವ ಮೊದಲು ಪ್ರಾಣಿಯನ್ನು ನೋಡುವುದನ್ನು ಯಾರೂ ಕಲಿಸುವುದಿಲ್ಲ. ನಿಮ್ಮ ಮನೆಯ ಗೋದಾಮಿನಲ್ಲಿ ರಾತ್ರಿ ಫೋನ್ ಇಟ್ಟು ವಿಡಿಯೊ ಮಾಡಿ (ಮುಟ್ಟಬೇಡಿ, ಇಲಿಜ್ವರದ ಭಯವಿದೆ). ಮೂಗು ಎತ್ತಿದ್ದು, ಹಿಂಗಾಲ ಮೇಲೆ ನಿಂತದ್ದು, ಗೋಡೆ ಹಿಡಿದು ಸಾಗಿದ್ದು, ಎಲ್ಲವನ್ನೂ ಸೆಕೆಂಡು ಸೆಕೆಂಡಿಗೆ ಬರೆಯಿರಿ. ಕೈಯಲ್ಲಿ ಬರೆದು ಬೇಸತ್ತ ಮೇಲೆ ಡೀಪ್‌ಲ್ಯಾಬ್‌ಕಟ್ ಹಾಕಿಕೊಳ್ಳಿ, ವಿಡಿಯೊದಲ್ಲಿ ಪ್ರಾಣಿಯ ಅಂಗಗಳ ಚಲನೆ ಗುರುತಿಸುವ ಸಾಫ್ಟ್‌ವೇರ್ ಅದು. 2018ರಲ್ಲಿ ಬಂದದ್ದು, ಉಚಿತ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಕಲಿಕೆ ಅದನ್ನು ಬಳಸುತ್ತಲೇ ಬರುತ್ತದೆ.

ಕೋಣೆಯಲ್ಲಿ ಯಾರಿದ್ದರು ಅಂತಲೂ ಬರೆದಿಡಿ. ಪರೀಕ್ಷೆ ಮಾಡುವವರು ಗಂಡಸಾಗಿದ್ದರೆ ಆ ವಾಸನೆಗೇ ಇಲಿಗಳಲ್ಲಿ ಒತ್ತಡ ಹೆಚ್ಚಿ ನೋವಿನ ಲಕ್ಷಣ ಕಡಿಮೆ ಕಾಣುತ್ತದೆ ಅಂತ 2014ರಲ್ಲೇ ಪ್ರಕಟವಾಗಿದೆ. ಮುಂದೆ ಲೇಸರ್ ಬಳಸುವ ದಿನ ಬಂದಾಗ, ಬೆಳಕಿಗೆ ಸ್ಪಂದಿಸುವ ಪ್ರೋಟೀನ್ ಇಲ್ಲದ ಇಲಿಗಳಿಗೂ ಅದೇ ಬೆಳಕು ಹಾಕಿ ನೋಡಿ. ಬೆಳಕಿನ ಬಿಸಿಯೊಂದೇ ನರಕೋಶಗಳ ಕೆಲಸ ಬದಲಾಯಿಸಬಲ್ಲದು.

ದಾರಿಯ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಬಿಎಸ್ಸಿ ಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ (ಐಐಎಸ್‌ಸಿ) ಇಂಟಿಗ್ರೇಟೆಡ್ ಪಿಎಚ್‌ಡಿಗೆ ಜ್ಯಾಮ್ (JAM) ಪರೀಕ್ಷೆ, ಅದೇ ಊರಿನ ಜೀವವಿಜ್ಞಾನ ಕೇಂದ್ರ ಎನ್‌ಸಿಬಿಎಸ್‌ಗೆ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ (ಟಿಐಎಫ್‌ಆರ್) ನಡೆಸುವ ಜೀಬಿಲ್ಸ್ (JGEEBILS) ಪರೀಕ್ಷೆ. ಅದಕ್ಕೂ ಮುಂಚೆ ವಿಜ್ಞಾನ ಅಕಾಡೆಮಿಗಳ ಬೇಸಿಗೆ ಫೆಲೋಶಿಪ್ಪಿಗೆ ಅರ್ಜಿ ಹಾಕಿ, ಒಂದು ಲ್ಯಾಬಿನಲ್ಲಿ ಕೂತು ನೋಡಿ ಬನ್ನಿ. ಅಲ್ಲಿ ಯಾವ ಸರ್ಕ್ಯೂಟ್ ಮೇಲೆ ಕೆಲಸ ಅಂತ ಕೇಳಬೇಡಿ. ಹಳೆಯ ಪ್ರಯೋಗಗಳ ವಿಡಿಯೊ ಇಟ್ಟಿದ್ದೀರಾ, ಕೂತು ನೋಡಬಹುದಾ ಅಂತ ಕೇಳಿ. ಇಲ್ಲ ಅಂದರೆ ಬೇರೆ ಲ್ಯಾಬ್ ಹುಡುಕಿ.