ಮಡಿಕೇರಿಯ ಏರಿಗೆ ಇ-ಸೈಕಲ್: ಟಾರ್ಕ್ ಸೆನ್ಸರ್ ಬೇಕಾ, ಕೇಡೆನ್ಸ್ ಸಾಕಾ?

ನೀವು ಕೇಳಿದ್ದು ಇಷ್ಟು: ಮನೆ ಮಡಿಕೇರಿ ಪೇಟೆಯಿಂದ 6 ಕಿ.ಮೀ. ದೂರ, ಸುಮಾರು 200 ಮೀಟರ್ ತಗ್ಗಿನಲ್ಲಿ. ದಿನಾ ಬೆಳಿಗ್ಗೆ ಏರು, ಸಂಜೆ ಇಳಿಜಾರು. ಅಂಗಡಿಯವರು "ಕೇಡೆನ್ಸ್ ಸೆನ್ಸರ್ ಸಾಕು, ಟಾರ್ಕ್‌ಗೆ ಸುಮ್ಮನೆ ದುಡ್ಡು ಹಾಕಬೇಡಿ" ಅಂದಿದ್ದಾರೆ. ಅದು ನಿಜವೇ? (ಪೆಡಲ್ ತುಳಿದದ್ದನ್ನು ಗುರುತಿಸಿ ಮೋಟಾರಿಗೆ ಸುದ್ದಿ ಕೊಡುವ ಭಾಗವೇ ಈ ಸೆನ್ಸರ್.)

ಸಪಾಟಾದ ಕುಶಾಲನಗರದ ಒಳಗೇ ಓಡಾಡುವವರಿಗೆ ಆ ಮಾತು ಒಪ್ಪುತ್ತದೆ. ನಿಮ್ಮ ದಾರಿಗೆ ಒಪ್ಪುವುದಿಲ್ಲ. ಆದರೆ ಸೆನ್ಸರ್‌ಗಿಂತ ಮೊದಲು ನೋಡಬೇಕಾದದ್ದು ಗೇರು ಮತ್ತು ಮೋಟಾರು. ಅದಕ್ಕೆ ಆಮೇಲೆ ಬರುತ್ತೇನೆ.

ಕೇಡೆನ್ಸ್ ಸೆನ್ಸರ್‌ಗೆ ಗೊತ್ತಾಗುವುದು ಒಂದೇ ವಿಷಯ: ಪೆಡಲ್ ತಿರುಗುತ್ತಿದೆಯೋ ಇಲ್ಲವೋ. ಕ್ರ್ಯಾಂಕಿನ (ಪೆಡಲ್ ತೋಳಿನ) ಹಿಂದೆ ಒಂದು ಪ್ಲಾಸ್ಟಿಕ್ ಬಿಲ್ಲೆ, ಅದರಲ್ಲಿ 5, 8 ಅಥವಾ 12 ಮ್ಯಾಗ್ನೆಟ್, ಎದುರಿಗೆ ಮ್ಯಾಗ್ನೆಟ್ ಗುರುತಿಸುವ ಒಂದು ಸಣ್ಣ ಹಾಲ್ ಸೆನ್ಸರ್. ಮ್ಯಾಗ್ನೆಟ್ ಮುಂದೆ ಹಾದುಹೋದಾಗಲೆಲ್ಲ, ಮೋಟಾರಿಗೆ ಕರೆಂಟು ಬಿಡುವ ಪೆಟ್ಟಿಗೆಯಾದ ಕಂಟ್ರೋಲರ್‌ಗೆ ಒಂದು ಸಿಗ್ನಲ್. ನೀವು ಬೆವರು ಸುರಿಸಿ ತುಳಿದರೂ ಸುಮ್ಮನೆ ಕಾಲು ಆಡಿಸಿದರೂ ಅದಕ್ಕೆ ಎರಡೂ ಒಂದೇ. ಎಷ್ಟು ಪವರ್ ಕೊಡಬೇಕು ಅನ್ನುವುದು ಹ್ಯಾಂಡಲ್ ಮೇಲೆ ನೀವು ಇಟ್ಟ ಲೆವೆಲ್‌ಗೆ ಬಿಟ್ಟದ್ದು. ಟಾರ್ಕ್ ಸೆನ್ಸರ್ ಸಾಮಾನ್ಯವಾಗಿ ಪೆಡಲಿನ ಆಕ್ಸಲ್ ಇರುವ ಬಾಟಮ್ ಬ್ರ್ಯಾಕೆಟ್ ಒಳಗೇ ಕೂತಿರುತ್ತದೆ. ತುಳಿದಾಗ ಆಕ್ಸಲ್ ಕೂದಲೆಳೆಯಷ್ಟು ತಿರುಚಿಕೊಳ್ಳುತ್ತದಲ್ಲ, ಆ ತಿರುಚನ್ನು ಅಳೆದು ಅದಕ್ಕೆ ತಕ್ಕಷ್ಟು ಪವರ್ ಬಿಡುತ್ತದೆ.

ಇವೆರಡರ ವ್ಯತ್ಯಾಸ ತಿಳಿಯುವುದು ಏರಿನ ಮಧ್ಯೆ ನಿಂತು ಮತ್ತೆ ಹೊರಡುವಾಗ. ತಿರುವಿನಲ್ಲಿ ಬಸ್ಸಿಗೆ ದಾರಿ ಬಿಟ್ಟು ನಿಂತಿದ್ದೀರಿ, ಒಂದು ಕಾಲು ನೆಲದಲ್ಲಿದೆ ಅಂತಿಟ್ಟುಕೊಳ್ಳಿ. 5 ಮ್ಯಾಗ್ನೆಟ್ ಇರುವ ಬಿಲ್ಲೆಯಾದರೆ ಒಂದು ಸಿಗ್ನಲ್‌ನಿಂದ ಇನ್ನೊಂದಕ್ಕೆ ಪೆಡಲ್ 72 ಡಿಗ್ರಿ ತಿರುಗಬೇಕು. ಕಂಟ್ರೋಲರ್ ಎರಡು ಮೂರು ಸಿಗ್ನಲ್ ಕಂಡ ಮೇಲೆಯೇ ಮೋಟಾರನ್ನು ಎಬ್ಬಿಸುತ್ತದೆ. ಅಂದರೆ ಹೆಚ್ಚುಕಡಿಮೆ ಅರ್ಧ ಸುತ್ತು, 25 ಕೆ.ಜಿ. ಸೈಕಲನ್ನು ನೀವೊಬ್ಬರೇ ತಳ್ಳಬೇಕು. ಅಷ್ಟರಲ್ಲಿ ಸೈಕಲ್ ಹಿಂದಕ್ಕೆ ಜಾರುತ್ತದೆ. ಇಲ್ಲವೇ ಮೋಟಾರು ಒಮ್ಮೆಲೇ ಎದ್ದು, ಒದ್ದೆ ಸಿಲ್ವರ್ ಓಕ್ ಎಲೆ ಅಥವಾ ಪಾಚಿಯ ಮೇಲೆ ಚಕ್ರ ಸುಮ್ಮನೆ ಗಿರಗಿರ ತಿರುಗುತ್ತದೆ. 12 ಮ್ಯಾಗ್ನೆಟ್ ಆದರೆ ಅಂತರ 30 ಡಿಗ್ರಿಗಿಳಿಯುವುದರಿಂದ ಎಷ್ಟೋ ವಾಸಿ. ಟಾರ್ಕ್ ಸೆನ್ಸರ್‌ನಲ್ಲಿ ಮಾತ್ರ ಪೆಡಲಿನ ಮೇಲೆ ಭಾರ ಬೀಳುತ್ತಲೇ ಮೋಟಾರು ಜೊತೆಗೂಡುತ್ತದೆ.

ಇನ್ನೊಂದು ತೊಂದರೆಯನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಕಡಿದಾದ ಏರಿನಲ್ಲಿ ಪೆಡಲ್ ನಿಮಿಷಕ್ಕೆ 20 ಸುತ್ತಿಗೆ ಇಳಿದರೆ, 5 ಮ್ಯಾಗ್ನೆಟ್ ಬಿಲ್ಲೆಯಿಂದ ಸಿಗ್ನಲ್ ಬರುವುದು 0.6 ಸೆಕೆಂಡಿಗೊಮ್ಮೆ. ಕೆಲವು ಕಂಟ್ರೋಲರ್‌ಗಳು ಇಷ್ಟು ಹೊತ್ತಿಗೆ "ಸವಾರ ತುಳಿಯುವುದು ನಿಲ್ಲಿಸಿದ" ಅಂತ ಮೋಟಾರನ್ನು ಕಟ್ ಮಾಡಿಬಿಡುತ್ತವೆ. ಎಲ್ಲಿ ಆಸರೆ ಬೇಕೋ ಅಲ್ಲೇ ಕೈಕೊಡುತ್ತದೆ.

ಈಗ ಗೇರು, ಮೋಟಾರು. ನಿಮ್ಮ ದಾರಿಯ ಅತಿ ಕಡಿದಾದ ಜಾಗದಲ್ಲಿ ಫೋನನ್ನು ರಸ್ತೆಯ ಮೇಲೆ ಏರಿನ ದಿಕ್ಕಿಗೆ ಉದ್ದಕ್ಕೆ ಇಟ್ಟು ಲೆವೆಲ್ ಆ್ಯಪ್‌ನಲ್ಲಿ ಡಿಗ್ರಿ ನೋಡಿ. 7 ಡಿಗ್ರಿ ಅಂದರೆ ಸುಮಾರು 12 ಶೇಕಡಾ ಏರು. ಸವಾರ, ಸೈಕಲ್ ಸೇರಿ 100 ಕೆ.ಜಿ. ಅಂತ ಹಿಡಿದರೆ ಟೈರಿನ ಉಜ್ಜಾಟವೂ ಸೇರಿ ಅಲ್ಲಿ ಹಿಂದಕ್ಕೆ ಎಳೆಯುವ ಬಲ ಸುಮಾರು 13 ಕೆ.ಜಿ. ತೂಕದಷ್ಟು. ಚಕ್ರದ ನಡುವೆ ಕೂರುವ, 40 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ) ಇರುವ ಹಬ್ ಮೋಟಾರು 27.5 ಇಂಚಿನ ಚಕ್ರದಲ್ಲಿ ತಳ್ಳುವುದು ಹನ್ನೊಂದೂವರೆ ಕೆ.ಜಿ.ಯಷ್ಟು. ಬಾಕಿಯನ್ನು ಕಾಲೇ ಕೊಡಬೇಕು, ಬರೀ ಥ್ರಾಟಲ್ (ತುಳಿಯದೇ ಮೋಟಾರು ಓಡಿಸುವ ಹಿಡಿಕೆ) ತಿರುಗಿಸಿ ಹತ್ತಲು ಆಗದು. ಮೋಟಾರಿನ 250 ವ್ಯಾಟ್, ಕಾಲಿನ 100 ವ್ಯಾಟ್ ಕೂಡಿದರೆ ಅಲ್ಲಿ ಸಿಗುವ ವೇಗ ಗಂಟೆಗೆ 10 ಕಿ.ಮೀ. ಆಸುಪಾಸು. ಆ ವೇಗದಲ್ಲಿ ಮುಂದೆ 42, ಹಿಂದೆ 18 ಹಲ್ಲಿನ, ಒಂದೇ ಗೇರಿನ ಸಿಂಗಲ್ ಸ್ಪೀಡ್ ಸೈಕಲ್ಲಿನ ಪೆಡಲ್ ತಿರುಗುವುದು ನಿಮಿಷಕ್ಕೆ 33 ಸುತ್ತು ಮಾತ್ರ. ಮಂಡಿ ಉಳಿಯುವುದಿಲ್ಲ. ಹಿಂದೆ 34 ಹಲ್ಲು ಇದ್ದರೆ ಸುಮಾರು 60 ಸುತ್ತು, ಹಾಯಾಗಿ ಕೂತೇ ತುಳಿಯಬಹುದು. ಹಾಗಾಗಿ ಸಿಂಗಲ್ ಸ್ಪೀಡ್ ಇ-ಸೈಕಲ್‌ಗೆ ಟಾರ್ಕ್ ಸೆನ್ಸರ್ ಇದ್ದರೂ ನಿಮಗೆ ಬೇಡ.

ಹಬ್ ಮೋಟಾರು ಅಷ್ಟು ನಿಧಾನದಲ್ಲಿ ಬಹಳ ಹೊತ್ತು ಎಳೆದರೆ ಕರೆಂಟಿನ ದೊಡ್ಡ ಪಾಲು ಬಿಸಿಯಾಗಿ ಹೋಗುತ್ತದೆ, ಒಳಗಿನ ನೈಲಾನ್ ಗೇರು ಮೆತ್ತಗಾಗಿ ಹಲ್ಲು ಸವೆಯುತ್ತದೆ. ಏರು ಮುಗಿಸಿ ಹಬ್ ಮುಟ್ಟಿ ನೋಡಿ, ಕೈ ಇಟ್ಟುಕೊಳ್ಳಲಾರದಷ್ಟು ಸುಡುತ್ತಿದ್ದರೆ ಅದರ ಯೋಗ್ಯತೆ ಮೀರಿ ದುಡಿಸಿದ್ದೀರಿ. ಪೆಡಲ್ ಹತ್ತಿರ ಕೂರುವ ಮಿಡ್ ಡ್ರೈವ್ ಮೋಟಾರು ಸೈಕಲ್ಲಿನ ಗೇರನ್ನೇ ಬಳಸುವುದರಿಂದ ಈ ಕಷ್ಟ ಕಡಿಮೆ. ಬದಲಿಗೆ ಚೈನು ಬೇಗ ಸವೆಯುತ್ತದೆ, ಗೇರು ಬದಲಿಸುವಾಗ ಕಾಲು ಹಗುರ ಮಾಡದಿದ್ದರೆ ಚೈನೇ ತುಂಡಾಗಬಹುದು. ಮಿಡ್ ಡ್ರೈವ್ ಅಂದಕೂಡಲೇ ಟಾರ್ಕ್ ಸೆನ್ಸರ್ ಇರುತ್ತದೆ ಅಂದುಕೊಳ್ಳಬೇಡಿ. ಬಾಫಾಂಗ್ ಬಿಬಿಎಸ್02 ಕಿಟ್‌ನಲ್ಲಿರುವುದು ಕೇಡೆನ್ಸ್, ಟಾಂಗ್‌ಶೆಂಗ್ ಟಿಎಸ್‌ಡಿಝಡ್2ನಲ್ಲಿರುವುದು ಟಾರ್ಕ್.

ಸಂಜೆಯ ಇಳಿಜಾರಿನಲ್ಲೂ ಒಂದು ಎಚ್ಚರ ಬೇಕು. ಕೇಡೆನ್ಸ್ ಸೈಕಲ್ಲಿನಲ್ಲಿ ತಿರುವಿಗೆ ಮುಂಚೆ ಕಾಲು ಸರಿಮಾಡಿಕೊಳ್ಳಲು ಪೆಡಲ್ ಒಂದು ಸುತ್ತು ಆಡಿಸಿದರೂ ಮೋಟಾರು ತಳ್ಳಬಹುದು, ತುಳಿತ ನಿಲ್ಲಿಸಿದ ಮೇಲೂ ಅರ್ಧ ಸೆಕೆಂಡು ಓಡಬಹುದು. ಇಳಿಯುವ ಮೊದಲು ಅಸಿಸ್ಟ್ ಲೆವೆಲ್ ಸೊನ್ನೆಗೆ ತನ್ನಿ. ಬ್ರೇಕ್ ಹಿಡಿಕೆಯಲ್ಲಿ ಮೋಟಾರ್ ಕಟ್ ಮಾಡುವ ಸ್ವಿಚ್ ಇರಲೇಬೇಕು.

ಮಳೆಗಾಲದಲ್ಲಿ ಈ ಸ್ವಿಚ್ಚೇ ಕಾಟ ಕೊಡುವುದೂ ಉಂಟು. ಕೆಸರು ಸಿಕ್ಕಿ ಒತ್ತಿದಂತೆಯೇ ಉಳಿದರೆ ಮೋಟಾರು ಏಳುವುದೇ ಇಲ್ಲ. ಮೋಟಾರು ಸತ್ತಿತು ಅಂತ ಗಾಬರಿಯಾಗುವ ಮೊದಲು ಆ ವಯರಿನ ಕನೆಕ್ಟರ್ ಬಿಚ್ಚಿ, ಗಾಡಿ ಓಡಿಸದೆ ಹಿಂದಿನ ಚಕ್ರ ಎತ್ತಿ ಪರೀಕ್ಷಿಸಿ. ಕೇಡೆನ್ಸ್ ಬಿಲ್ಲೆಗೂ ಸೆನ್ಸರ್‌ಗೂ ನಡುವೆ 2-3 ಮಿ.ಮೀ.ಗಿಂತ ಹೆಚ್ಚು ಸಂದು ಬಿದ್ದರೆ ಸಿಗ್ನಲ್ ತಪ್ಪುತ್ತದೆ. ಕೆಸರು ಒರೆಸಿ ಸೆನ್ಸರನ್ನು ಹತ್ತಿರಕ್ಕೆ ಬಗ್ಗಿಸಿದರೆ ಸರಿಹೋಗುತ್ತದೆ, ಬಿಲ್ಲೆ ಸೀಳಿದ್ದರೂ ಹೊಸದು ಹಾಕುವುದು ಸಣ್ಣ ಖರ್ಚು. ಟಾರ್ಕ್ ಸೆನ್ಸರ್ ಒಳಗೆ ನೀರು ಹೋದರೆ ಮಾತ್ರ ರಿಪೇರಿ ಅನ್ನುವುದೇ ಇಲ್ಲ, ಇಡೀ ಯೂನಿಟ್ ಬದಲಿಸಬೇಕು. ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ ಹೊಡೆಯುವ ಊರು ಇದು. ಪ್ರೆಷರ್ ವಾಶ್ ಬೇಡವೇ ಬೇಡ, ಬಕೆಟ್ ನೀರು ಮತ್ತು ಬಟ್ಟೆ ಸಾಕು.

ಬ್ಯಾಟರಿ ಬಗ್ಗೆ ಅಷ್ಟು ತಲೆಕೆಡಿಸಿಕೊಳ್ಳಬೇಡಿ. 200 ಮೀಟರ್ ಏರುವ ಕೆಲಸವನ್ನೆಲ್ಲ ಮೋಟಾರೇ ಹೊತ್ತರೂ ನಿಮ್ಮ 6 ಕಿ.ಮೀ.ಗೆ ಹೆಚ್ಚುಕಡಿಮೆ 100 ವ್ಯಾಟ್ ಅವರ್ ಸಾಕು. 36 ವೋಲ್ಟ್, 10 ಆಂಪಿಯರ್ ಅವರ್ ಬ್ಯಾಟರಿಯಲ್ಲಿ 360 ಇದೆ. ಆದರೆ ಕಾಲುಭಾಗ ಉಳಿದಿರುವಾಗ ದೊಡ್ಡ ಏರಿಗೆ ಹೊರಡಬೇಡಿ. ಎಳೆತಕ್ಕೆ ವೋಲ್ಟೇಜ್ 2-3 ವೋಲ್ಟ್ ಕುಸಿದು ಕಂಟ್ರೋಲರ್ ನಡುದಾರಿಯಲ್ಲಿ ಆಫ್ ಮಾಡುತ್ತದೆ.

ಅಂಗಡಿಯವರು ಟಾರ್ಕ್ ಅಂದರೆ ನಂಬಿಬಿಡಬೇಡಿ. ಸೈಕಲ್ ಆನ್ ಮಾಡಿ, ಹಿಂಚಕ್ರ ಎತ್ತಿಸಿ, ಪೆಡಲನ್ನು ಬೆರಳಿನಿಂದ ಹಗುರಾಗಿ ತಿರುಗಿಸಿ. ಒಂದು ಸುತ್ತಿನೊಳಗೆ ಚಕ್ರ ಭರ್ರೆಂದು ಓಡಿದರೆ ಅದು ಕೇಡೆನ್ಸ್. ಆಮೇಲೆ ಹತ್ತಿ ಓಡಿಸಿ: ಮೆಲ್ಲಗೆ ತುಳಿದಾಗ ಮೆಲ್ಲಗೆ, ಜೋರಾಗಿ ತುಳಿದಾಗ ಜೋರಾಗಿ ಎಳೆದರೆ ಮಾತ್ರ ಟಾರ್ಕ್. ಈ ಓಟವನ್ನು ಅಂಗಡಿಯ ಮುಂದಿನ ಸಪಾಟು ರಸ್ತೆಯಲ್ಲಲ್ಲ, ಏರಿನಲ್ಲಿ ನಿಲ್ಲಿಸಿ ಹೊರಟು ನೋಡಿ. 250 ವ್ಯಾಟ್, 25 ಕಿ.ಮೀ. ವೇಗದ ಮಿತಿಯೊಳಗಿನದ್ದಕ್ಕೆ ನೋಂದಣಿಯೂ ಬೇಡ, ಲೈಸೆನ್ಸೂ ಬೇಡ. ಬಿಲ್ಲಿನಲ್ಲಿ ಆ ಅಂಕಿಗಳನ್ನು ಬರೆಸಿಕೊಳ್ಳಿ.

ಮಂಡಿ ನೋವಿದ್ದರೆ ಮಾತ್ರ ನನ್ನ ಸಲಹೆ ತಿರುಗುಮುರುಗು. ಟಾರ್ಕ್ ಸೆನ್ಸರ್ ಒತ್ತಿದಷ್ಟೇ ಕೊಡುತ್ತದೆ, ಕೇಡೆನ್ಸ್‌ಗೆ ಅಷ್ಟು ಒತ್ತಬೇಕಿಲ್ಲ. ಅಂಥವರು 12 ಮ್ಯಾಗ್ನೆಟ್ ಬಿಲ್ಲೆ, ಥ್ರಾಟಲ್, ಹಿಂದೆ 34 ಹಲ್ಲಿನ ಗೇರು ಇರುವ ಕೇಡೆನ್ಸ್ ಸೈಕಲ್ ತಗೊಳ್ಳಲಿ, ಏರಿನಲ್ಲಿ ಹೊರಡುವಾಗ ಒಂದು ಕ್ಷಣ ಥ್ರಾಟಲ್ ಕೊಟ್ಟರಾಯಿತು. ನೀವು ಟಾರ್ಕ್‌ನದೇ ತಗೊಂಡರೆ, ಆನ್ ಮಾಡುವಾಗ ಪೆಡಲ್ ಮೇಲೆ ಕಾಲಿಡಬೇಡಿ. ಎಷ್ಟೋ ಯೂನಿಟ್‌ಗಳು ಆ ಕ್ಷಣದ ಭಾರವನ್ನೇ ಸೊನ್ನೆ ಅಂತ ಹಿಡಿಯುತ್ತವೆ, ಆಮೇಲೆ ಎಷ್ಟು ತುಳಿದರೂ ಮೋಟಾರು ಅರೆಮನಸ್ಸಿನಲ್ಲೇ ಎಳೆಯುತ್ತದೆ. ಆಫ್ ಮಾಡಿ, ಕಾಲು ತೆಗೆದು, ಮತ್ತೆ ಆನ್ ಮಾಡಿ.