ಕೋಡ್ ಬರೆಯಲು ಬರದವರು ನೂವೋ ಡ್ರೈವರ್‌ಗೆ ಯಾವ ಕಾರ್ಡ್ ನಡೆಯುತ್ತದೆ ಎಂದು ಬರೆದಿಟ್ಟರೆ ಉಪಯೋಗ ಇದೆಯಾ?

ಖಂಡಿತ ಇದೆ. ಎನ್ವಿಡಿಯಾ ಗ್ರಾಫಿಕ್ಸ್ ಕಾರ್ಡ್‌ಗಳನ್ನು ಲಿನಕ್ಸ್‌ನಲ್ಲಿ ನಡೆಸುವ ಓಪನ್ ಸೋರ್ಸ್ ಡ್ರೈವರ್ ಆದ ನೂವೋದ ಕೋಡ್ ಮುಟ್ಟದೆ, ಯಾವ ಕಾರ್ಡ್ ಎಷ್ಟರ ಮಟ್ಟಿಗೆ ನಡೆಯುತ್ತದೆ ಎಂದು ದಾಖಲಿಸಬೇಕೆಂದಿದ್ದೀರಿ. ಹಳೇ ಕಂಪ್ಯೂಟರ್‌ಗೆ ಲಿನಕ್ಸ್ ಹಾಕಲು ಹೊರಟವರಿಗೆ ಮೊದಲು ಬೇಕಾಗುವ ಮಾಹಿತಿಯೇ ಇದು. ಒಂದೇ ಮಾತು: ಡಬ್ಬದ ಮೇಲಿನ ಹೆಸರು ನಂಬಬೇಡಿ, ಚಿಪ್‌ನ ಹೆಸರು ಹಿಡಿದು ಬರೆಯಿರಿ.

ಎನ್ವಿಡಿಯಾದ ಜಿಟಿ 730 ಕಾರ್ಡ್ ತಗೊಳ್ಳಿ. ಈ ಹೆಸರಿನಲ್ಲಿ ಬೇರೆ ಬೇರೆ ಚಿಪ್‌ಗಳು ಮಾರಾಟವಾಗಿವೆ. ಒಂದು ಫರ್ಮಿ ತಲೆಮಾರಿನ ಜಿಎಫ್108, ಅದರಲ್ಲಿ 96 ಕೋರ್. ಇನ್ನೊಂದು ಕೆಪ್ಲರ್ ತಲೆಮಾರಿನ ಜಿಕೆ208, ಅದರಲ್ಲಿ 384 ಕೋರ್. ಟರ್ಮಿನಲ್‌ನಲ್ಲಿ, ಕಂಪ್ಯೂಟರ್ ಒಳಗಿನ ಸಾಧನಗಳನ್ನು ಪಟ್ಟಿ ಮಾಡುವ ಎಲ್‌ಎಸ್‌ಪಿಸಿಐ ಕಮಾಂಡನ್ನು -ಎನ್‌ಎನ್ ಜೊತೆ ಓಡಿಸಿದರೆ ಮೊದಲನೆಯದಕ್ಕೆ 10ಡಿಇ:0ಎಫ್02 ಎಂದು ಬರುತ್ತದೆ, ಎರಡನೆಯದಕ್ಕೆ 10ಡಿಇ:1287. ಈ 10ಡಿಇ ಎನ್ವಿಡಿಯಾದ ಗುರುತು, ಮುಂದಿನ ನಾಲ್ಕು ಅಕ್ಷರ ಆ ಮಾದರಿಯದು. ಕೆಪ್ಲರ್‌ನಲ್ಲಿ ನೂವೋ ಒದಗಿಸುವ ಪಿಸ್ಟೇಟ್ ಎಂಬ ಫೈಲಿನ ಮೂಲಕ ಕ್ಲಾಕ್ ಅನ್ನು, ಅಂದರೆ ಚಿಪ್ ಓಡುವ ವೇಗವನ್ನು, ನಾವೇ ಏರಿಸಬಹುದು. ಫರ್ಮಿಯಲ್ಲಿ ಮೆಮೊರಿ ಕ್ಲಾಕ್ ಏರಿಸುವ ಕೆಲಸ ಪೂರ್ತಿ ಆಗಲೇ ಇಲ್ಲ. ಹೀಗಿರುವಾಗ "ಜಿಟಿ 730 ನಡೆಯುತ್ತದೆ" ಎಂದು ಬರೆದರೆ ಓದಿದವರಿಗೆ ಏನು ತಿಳಿಯುತ್ತದೆ ಹೇಳಿ.

ತಲೆಮಾರಿನ ಹೆಸರು ಬರೆದರೂ ಸಾಲದು. ಜಿಟಿಎಕ್ಸ್ 750, ಜಿಟಿಎಕ್ಸ್ 960 ಎರಡೂ ಮ್ಯಾಕ್ಸ್‌ವೆಲ್ಲೇ. ಆದರೆ 750ರಲ್ಲಿರುವುದು ಜಿಎಂ107, 960ರಲ್ಲಿರುವುದು ಜಿಎಂ206. ಈ ಎರಡನೇ ಸುತ್ತಿನ ಮ್ಯಾಕ್ಸ್‌ವೆಲ್‌ನಿಂದ ಎನ್ವಿಡಿಯಾ ಸಹಿ ಮಾಡಿದ ಫರ್ಮ್‌ವೇರ್ (ಕಾರ್ಡ್ ಒಳಗೆ ಓಡುವ ಸಣ್ಣ ಪ್ರೋಗ್ರಾಂ) ಇಲ್ಲದೆ ಕಾರ್ಡ್‌ನ ಮುಖ್ಯ ಭಾಗಗಳು ಎಚ್ಚರವಾಗುವುದಿಲ್ಲ. ಚಿತ್ರ ಬಿಡಿಸಲು ಬೇಕಾದ ಫರ್ಮ್‌ವೇರ್ ಕೊಟ್ಟರು. ಕ್ಲಾಕ್ ಬದಲಿಸಲು ಬೇಕಾದದ್ದನ್ನು ಕೊಡಲಿಲ್ಲ. ಹಾಗಾಗಿ 960, ಆಮೇಲೆ ಬಂದ ಪಾಸ್ಕಲ್‌ನ 1060, 1080 ಎಲ್ಲಾ ಬೂಟ್ ಆದಾಗಿನ ಕಡಿಮೆ ಕ್ಲಾಕ್‌ನಲ್ಲೇ ನಿಂತುಬಿಡುತ್ತವೆ. ಡೆಸ್ಕ್‌ಟಾಪ್ ಚೆನ್ನಾಗಿಯೇ ಓಡುತ್ತದೆ, ಗೇಮ್ ತೆವಳುತ್ತದೆ. ಇದನ್ನು ಯಾರಾದರೂ ಮೊದಲೇ ಬರೆದಿಟ್ಟಿದ್ದರೆ ಎಷ್ಟೋ ಜನ ಸುಮ್ನೆ ಸೆಟ್ಟಿಂಗ್ ಹುಡುಕುತ್ತಾ ರಾತ್ರಿ ಕಳೆಯುವುದು ತಪ್ಪುತ್ತದೆ.

ಪಾಸ್ಕಲ್ ಆದ ಮೇಲೆ ಬಂದ ಟ್ಯೂರಿಂಗ್ ತಲೆಮಾರಿನಿಂದ ಕಥೆ ಬದಲಾಯಿತು. ಕಾರ್ಡ್ ಒಳಗೇ ಇರುವ ಜಿಎಸ್‌ಪಿ ಎಂಬ ಪ್ರೊಸೆಸರ್ ಕ್ಲಾಕ್ ನೋಡಿಕೊಳ್ಳುತ್ತದೆ. ಅದನ್ನು ಬಳಸುವ ಸೌಲಭ್ಯ 2024ರ ಜನವರಿಯಲ್ಲಿ ಬಂದ ಲಿನಕ್ಸ್ ಕರ್ನಲ್ 6.7ರಲ್ಲಿ ನೂವೋಗೆ ಸೇರಿತು. ಆ ಆವೃತ್ತಿಯಲ್ಲಿ ಟ್ಯೂರಿಂಗ್, ಅದರ ಮುಂದಿನ ತಲೆಮಾರಾದ ಆಂಪಿಯರ್‌ಗಳಿಗೆ ಬೂಟ್ ಆಯ್ಕೆ ಕೊಟ್ಟು ನಾವೇ ಆನ್ ಮಾಡಬೇಕಿತ್ತು. ಅಂದರೆ ಟ್ಯೂರಿಂಗ್‌ನ ಒಂದೇ 1650 ಕಾರ್ಡ್ ಇಬ್ಬರ ಕೈಯಲ್ಲಿ ಬೇರೆ ಬೇರೆ ಥರ ನಡೆಯಬಹುದು, ಇಬ್ಬರೂ ನಿಜವನ್ನೇ ಹೇಳುತ್ತಿರಬಹುದು. ಅದಕ್ಕೇ ಕರ್ನಲ್ ಆವೃತ್ತಿ, ಮೆಸಾ (3ಡಿ ಚಿತ್ರ ಬಿಡಿಸುವ ಲೈಬ್ರರಿ) ಆವೃತ್ತಿ, ಕೊಟ್ಟ ಬೂಟ್ ಆಯ್ಕೆ, ಪರೀಕ್ಷಿಸಿದ ತಾರೀಖು ಇಲ್ಲದ ಸಾಲನ್ನು ನಾನು ಸ್ವೀಕರಿಸುವುದೇ ಇಲ್ಲ.

"ನಡೆಯುತ್ತದೆ" ಎಂಬುದನ್ನೂ ಬಿಡಿಸಿ ಬರೆಯಿರಿ. ಪರದೆ ಬಂತಾ, 3ಡಿ ಬಂತಾ, ವಿಡಿಯೋ ಡಿಕೋಡ್ ಕಾರ್ಡ್‌ನಲ್ಲೇ ಆಗುತ್ತಿದೆಯಾ, ಕ್ಲಾಕ್ ಏರುತ್ತದಾ, ಸಸ್ಪೆಂಡ್ ಮಾಡಿ ಎಬ್ಬಿಸಿದರೆ ಸರಿಯಾಗಿ ಏಳುತ್ತದಾ. ನೀವು ನೋಡದಿದ್ದದ್ದನ್ನು ಖಾಲಿ ಬಿಡಬೇಡಿ, "ಪರೀಕ್ಷಿಸಿಲ್ಲ" ಎಂದೇ ಬರೆಯಿರಿ. ಖಾಲಿ ಜಾಗ ಕಂಡರೆ ಜನ ಅದನ್ನು ತಮಗೆ ಬೇಕಾದಂತೆ ಓದಿಕೊಳ್ಳುತ್ತಾರೆ. ಲ್ಯಾಪ್‌ಟಾಪ್ ಆದರೆ ಅದರ ಪೂರ್ತಿ ಮಾದರಿ ಸಂಖ್ಯೆಯೂ ಬೇಕು. ಎಚ್‌ಡಿಎಂಐ ಪೋರ್ಟ್ ಕೆಲವದರಲ್ಲಿ ಇಂಟೆಲ್ ಚಿಪ್‌ಗೆ ಹೋಗಿರುತ್ತದೆ, ಕೆಲವದರಲ್ಲಿ ಎನ್ವಿಡಿಯಾಗೆ.

ನಿಮ್ಮ ಕೈಲಿರುವ ಕಾರ್ಡ್‌ನಿಂದಲೇ ಶುರು ಮಾಡಿ. ಬೂಟ್ ಆದ ಮೇಲೆ, ಕರ್ನಲ್‌ನ ಸಂದೇಶಗಳನ್ನು ತೋರಿಸುವ ಡಿಮೆಸೇಜ್ (dmesg) ಕಮಾಂಡ್‌ನಲ್ಲಿ ನೂವೋ (nouveau) ಎಂದು ಹುಡುಕಿ, ಚಿಪ್‌ನ ಹೆಸರು ಅಲ್ಲೇ ಒಂದು ಸಾಲಿನಲ್ಲಿರುತ್ತದೆ. ಆ ಸಾಲನ್ನು ಇದ್ದ ಹಾಗೇ ಇಲ್ಲಿ ಹಾಕಿ, ಆ ಚಿಪ್‌ಗೆ ಯಾವುದನ್ನು ಮೊದಲು ಪರೀಕ್ಷಿಸಬೇಕು ಅಂತ ಹೇಳುತ್ತೇನೆ.